ಮರಳುಗಲ್ಲಿಗೆ ಅರಿಶಿನ

ನಮ್ಮ ಮನೆಯಲ್ಲಿ ಕಲ್ಲೆಂದರೆ ಸ್ನಾನ ಮಾಡಿಸುವ ವಸ್ತು. ಅಪ್ಪ ವೆಂಕಟರಾಮಯ್ಯ ಹಳೇಬೀಡಿನ ಕೆರೆ ದಂಡೆಯ ಸಣ್ಣ ಗುಡಿಯ ಅರ್ಚಕರು. ದಿನಾ ಬೆಳಿಗ್ಗೆ ಕಲ್ಲಿನ ದೇವರಿಗೆ ನೀರು, ಹಾಲು, ಮತ್ತೆ ನೀರು. ಅಂಥ ಮನೆಗೆ, ಅದೂ ಆಯುಧಪೂಜೆಯ ಹೊತ್ತಿಗೆ, ನನ್ನ ಕಲ್ಲುಗಳನ್ನು ಹೊತ್ತು ತಂದಿದ್ದೆ. ತರದೆ ಇನ್ನೇನು ಮಾಡಲಿ? ಯೂನಿವರ್ಸಿಟಿಯಲ್ಲಿ ನಮ್ಮ ಲ್ಯಾಬಿಗೆ ಸುಣ್ಣ ಬಣ್ಣ ನಡೆದಿತ್ತು. ಅಲ್ಲೇ ಬಿಟ್ಟರೆ ಯಾರಾದರೂ ಎತ್ತಿ ಬಾಗಿಲಿಗೆ ಅಡ್ಡ ಇಡುತ್ತಾರೆ.

ಅವು ತಮಿಳುನಾಡಿನ ಅರಿಯಲೂರು ಕಡೆಯ ಮರಳುಗಲ್ಲುಗಳು. ಡೈನೋಸಾರುಗಳಿದ್ದ ಕಾಲದಲ್ಲಿ ಅಲ್ಲಿ ನೆಲ ಕುಸಿದು ದೊಡ್ಡ ತಗ್ಗಾಗಿ, ಸಮುದ್ರ ಒಳಗೆ ಬಂದಿತ್ತು. ನದಿಗಳು ತಂದು ಸುರಿದ ಮರಳು ಆ ತಗ್ಗಿನಲ್ಲಿ ಪದರ ಪದರವಾಗಿ ಕೂತು ಕಲ್ಲಾಯಿತು. ಅದರ ಕಾಳುಗಳು ಹೇಗೆ ಮಲಗಿವೆ ಎಂದು ನೋಡಿ ನೀರು ಹರಿದ ದಿಕ್ಕು ಹೇಳಬಹುದು. ಆದರೆ ಕಲ್ಲನ್ನು ಗಣಿಯ ಗೋಡೆಯಿಂದ ಬಿಡಿಸುವ ಮುಂಚೆಯೇ ಅದರ ಮೇಲೆ ಶಾಯಿಯಲ್ಲಿ ಉತ್ತರಕ್ಕೊಂದು ಬಾಣ ಎಳೆದಿರಬೇಕು. ಬಾಣ ಹೋದರೆ ಅದು ಬರೀ ಕಲ್ಲು. ಆ ಮರಳು ಪಶ್ಚಿಮದಿಂದ, ನಮ್ಮ ಈ ಸೀಮೆಯ ಕಡೆಯಿಂದ ಹೋಯಿತೇ ಎಂಬುದೇ ನನ್ನ ಪಿಎಚ್.ಡಿ. ನಾಲ್ಕು ವರ್ಷ ಅದಕ್ಕೇ ಸವೆಸಿದ್ದೇನೆ.

ಆಯುಧಪೂಜೆಯ ದಿನ ಬಸ್ಸಿನ ದಣಿವಿಗೆ ತಡವಾಗಿ ಎದ್ದೆ. ದೇವರಮನೆಯಲ್ಲಿ ನನ್ನ ಸುತ್ತಿಗೆ, ದಿಕ್ಸೂಚಿ, ಅಪ್ಪನ ಸ್ಕೂಟರಿನ ಕೀ. ಪಕ್ಕದ ಮಣೆಯ ಮೇಲೆ ನನ್ನ ಕಲ್ಲುಗಳು, ಒಂದೊಂದಕ್ಕೂ ಅರಿಶಿನ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಏರಿಸಲಾಗಿತ್ತು.

"ಪಾಪ, ಎಷ್ಟೊಂದು ಮಸಿ ಮೆತ್ತಿತ್ತು ಕಣೇ ಮೇದಿನಿ," ಅಂದಳು ಅಮ್ಮ. "ಮೂರು ನೀರಲ್ಲಿ ತೊಳೆದೆ. ಎರಡು ಕಲ್ಲು ಬಕೆಟ್ಟಲ್ಲೇ ಕರಗಿಹೋಯ್ತು. ಕಲ್ಲು ಕರಗೋದನ್ನ ನಾನು ಕಂಡೇ ಇರ್ಲಿಲ್ಲಮ್ಮ. ಆ ಮರಳನ್ನ ತುಳಸಿ ಬುಡಕ್ಕೆ ಹಾಕಿದೀನಿ. ತುಳಿಯೋ ಕಡೆ ಚೆಲ್ಲಿಲ್ಲ."

ಒಂದು ಕಲ್ಲಿನ ಮೇಲೂ ಬಾಣ ಉಳಿದಿರಲಿಲ್ಲ. ಕೂಗಾಡಿದೆ. ಹಬ್ಬದ ದಿನ ಬಾಯಿಗೆ ಬಂದದ್ದೆಲ್ಲ ಅಂದೆ. ಅಮ್ಮ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ಮಣೆಯ ಅಂಚು ಒರೆಸತೊಡಗಿದಳು.

"ಮತ್ತೆ ಹೋಗಿ ತಂದ್ರಾಯ್ತಲ್ಲಮ್ಮ," ಅಂದರು ಅಪ್ಪ.

ಆ ಗಣಿಯನ್ನು ಬೇಸಿಗೆಯಲ್ಲೇ ಮುಚ್ಚಿ, ಮಣ್ಣು ತುಂಬಿ, ಸಸಿ ನೆಟ್ಟಿದ್ದಾರೆ. ಎಲ್ಲಿಗೆ ಹೋಗಿ ಏನು ತರಲಿ? ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅತ್ತೆ.

ಸಂಜೆ ಲೆನ್ಸ್ ಹಿಡಿದು ನೋಡಿದರೆ, ಮರಳಿನ ಸಂದಿಗಳಲ್ಲಿ ಶಾಯಿಯ ಕಲೆ ಮಸುಕಾಗಿ ಉಳಿದಿತ್ತು. ಹೋದ ಜೀವ ಬಂತು. ಖೋಟಾ ನೋಟು ಹಿಡಿಯುವ ನೇರಳೆ ದೀಪದಲ್ಲಿ ಇಂಥ ಕಲೆ ಎದ್ದು ಕಾಣುವುದುಂಟು. "ಅಮ್ಮ, ದಮ್ಮಯ್ಯ, ಇನ್ನು ಇವಕ್ಕೆ ಒಂದು ತೊಟ್ಟು ನೀರೂ ಸೋಕಿಸಬೇಡ," ಅಂದೆ. ಅಮ್ಮ ತಲೆಯಾಡಿಸಿದಳು.

ಹಬ್ಬ ಕಳೆದ ಮೇಲೆ ಬೆಳಿಗ್ಗೆ ಎದ್ದವಳೇ ಅರಸೀಕೆರೆಗೆ ಹೋದೆ. ಕೊಬ್ಬರಿ ಮಂಡಿಯ ಕಲ್ಲೇಶಪ್ಪ ಅಪ್ಪನಿಗೆ ಪರಿಚಯ, ಅವರ ಗಲ್ಲಾದಲ್ಲಿ ಅಂಥ ದೀಪವಿತ್ತು.

"ಇದು ನೋಟ್ ನೋಡೋ ದೀಪ ಕಣವ್ವ. ಕಲ್ಲಲ್ಲಿ ಏನೈತೆ ಅಂತ ನೋಡ್ತೀಯ?" ಅಂತ ನಕ್ಕರು. ಆದರೂ ಕೊಟ್ಟರು. ವಾಪಸ್ ಬರುವ ಬಸ್ಸಿನುದ್ದಕ್ಕೂ ದೀಪವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಥೀಸಿಸ್ಸಿನ ಒಂದು ಅಧ್ಯಾಯ ಉಳಿದರೂ ಸಾಕಾಗಿತ್ತು.

ಮನೆ ಸೇರುವಾಗ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.

"ಬಾರೇ ಇಲ್ಲಿ. ಗೀಟು ಹೋಯ್ತು ಅಂತ ತಾನೇ ಅತ್ತಿದ್ದು? ನೀರು ಸೋಕಿಸಿಲ್ಲ ಕಣೇ. ಒಣ ತೆಂಗಿನ ನಾರಲ್ಲಿ ಗಸಗಸ ಉಜ್ಜಿ, ಕಲೆಯೆಲ್ಲ ತೆಗೆದು, ನಿನ್ನ ಪೆನ್ನಲ್ಲೇ ಬಾಣ ಹಾಕಿದೀನಿ."

ಮಣೆಯ ಮೇಲೆ ಎಲ್ಲ ಕಲ್ಲಿಗೂ ಬಾಣವಿತ್ತು. ಅಮ್ಮನ ರಂಗೋಲಿ ಕೈ, ಒಂದೂ ಸೊಟ್ಟಗಿರಲಿಲ್ಲ. ಎಲ್ಲವೂ ಒಂದೇ ಕಡೆ ತಿರುಗಿದ್ದವು.

"ಯಾವ ಕಡೆಗೆ ಹಾಕಿದ್ದೀಯಮ್ಮ?"

"ಪೂರ್ವಕ್ಕೆ. ದೇವರ ಮುಖ ಇರೋದು ಪೂರ್ವಕ್ಕೆ ತಾನೇ?"

ಸಿಟ್ಟು ಬರಲಿ ಎಂದು ಕಾದೆ. ಸಿಟ್ಟೂ ಬರಲಿಲ್ಲ. ಬಾಗಿಲು ಮುಂದೆ ಮಾಡಿ, ಲೈಟು ಆರಿಸಿ, ನೇರಳೆ ದೀಪ ಹಚ್ಚಿದೆ. ನಾರು ಉಜ್ಜಿದ್ದ ಕಡೆಯೆಲ್ಲ ಸಂದಿಗೆ ಸೇರಿಕೊಂಡಿದ್ದ ಅರಿಶಿನ ಹಳದಿಯಾಗಿ ಹೊಳೆಯಿತು. ಅದರ ನಡುವೆ ಅಮ್ಮನ ಬಾಣಗಳು. ಇನ್ನೇನೂ ಇರಲಿಲ್ಲ. ಒಂದೊಂದು ಕಲ್ಲನ್ನೂ ತಿರುಗಿಸಿ ನೋಡಿದೆ.

"ಅಯ್ಯೋ, ಎಷ್ಟು ಲಕ್ಷಣವಾಗಿದೆ," ಅಂದಳು ಅಮ್ಮ. "ಇದನ್ನ ತರೋಕೇ ಹೋಗಿದ್ಯಾ? ಬಾಣ ಸರಿಯಾಗಿದೆ ತಾನೇ?"

"ಸರಿಯಾಗಿದೆ ಅಮ್ಮ."

"ಹಾಗಾದ್ರೆ ಆರಿಸಬೇಡ, ಇರು. ನಿಮ್ಮಪ್ಪನೂ ನೋಡ್ಲಿ."

ಅವಳು ಅಪ್ಪನನ್ನು ಕರೆಯಲು ಹೋದಳು. ನಾನು ದೀಪ ಹಿಡಿದುಕೊಂಡು ಹಾಗೇ ಕೂತಿದ್ದೆ.