ನೂರಕ್ಕೆ ನಲವತ್ತೊಂದು

ನಾನು ಒಂದು ಅಂಕಪಟ್ಟಿ. ಕಾನೂನು ಪದವಿಯದು. ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಜಾಸ್ತಿ. ಯಾರೋ ಹಾಕಿದ ಅಂಕಗಳನ್ನು ಎದೆಯ ಮೇಲೆ ಹೊತ್ತುಕೊಂಡು ಹದಿನೇಳು ವರ್ಷ ಕಳೆದಿದ್ದೇನೆ. ಕಂಡಕಂಡವರೆಲ್ಲ ನನ್ನನ್ನು ಸಾಕ್ಷಿ ಮಾಡಿಕೊಂಡು ಒಬ್ಬ ಹುಡುಗಿಯ ಮೇಲೆ ತೀರ್ಪು ಕೊಟ್ಟರು. ನಿಜ ಹೇಳಬೇಕೆಂದರೆ, ಆಗ ನಾನು ಅವಳ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

ನಾನು ಹುಟ್ಟಿದ್ದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ, ಗಡಗಡ ಸದ್ದು ಮಾಡುವ ಒಂದು ಮುದ್ರಣ ಯಂತ್ರದ ಬಾಯಿಂದ. ದಪ್ಪ ಕಾಗದ, ಅಂಚಿಗೆ ನೀಲಿ ಬಳ್ಳಿ, ನೆತ್ತಿಯ ಮೇಲೆ ಲಾಂಛನ. ನನ್ನ ಜೊತೆ ಹುಟ್ಟಿದವರೆಲ್ಲರಿಗೂ ಅದೇ ಕಾಗದ, ಅದೇ ಬಳ್ಳಿ. ಆದರೂ ಕಟ್ಟು ಕಟ್ಟುವ ಗುಮಾಸ್ತ ನನ್ನ ಮೇಲಿದ್ದ ಎಪ್ಪತ್ತೆಂಟರ ಪಟ್ಟಿಯನ್ನು ನೋಡಿ ಭೇಷ್ ಅಂದ. ನನ್ನನ್ನು ನೋಡಿ ತುಟಿ ಸೊಟ್ಟ ಮಾಡಿದ. ಒಟ್ಟು ಶೇಕಡಾ ನಲವತ್ತೊಂಬತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆ ಎಂಬ ವಿಷಯದಲ್ಲಿ ನೂರಕ್ಕೆ ನಲವತ್ತೊಂದು. ಹುಟ್ಟಿ ಐದು ನಿಮಿಷ ಕೂಡ ಆಗಿರಲಿಲ್ಲ, ನನ್ನ ಯೋಗ್ಯತೆ ಇಷ್ಟೇ ಎಂದು ಆತ ತೀರ್ಮಾನಿಸಿಯಾಗಿತ್ತು.

ನನ್ನ ಮೇಲಿದ್ದ ಹೆಸರು ನೀಲಗಂಗಾ ಫಕ್ಕೀರಪ್ಪ ಬಾರಕೇರ, ಊರು ಗದಗ. ಕಾಲೇಜಿನ ಕಿಟಕಿಯಲ್ಲಿ ನನ್ನನ್ನು ಇಸಿದುಕೊಂಡಾಗ ಅವಳ ಬೆರಳು ತಣ್ಣಗಿದ್ದವು. ಪಕ್ಕದಲ್ಲಿ ಅವಳ ಅಪ್ಪ ನಿಂತಿದ್ದ. ಫಕ್ಕೀರಪ್ಪ ಕೋರ್ಟಿನ ಅಮೀನ. ಅಂದರೆ ಸಮನ್ಸು, ನೋಟೀಸುಗಳನ್ನು ಸೈಕಲ್ ಮೇಲೆ ಹೊತ್ತು ಮನೆಮನೆಗೆ ಮುಟ್ಟಿಸಿ ಸಹಿ ಪಡೆದು ಬರುವವನು. ತಾಯಿಯಿಲ್ಲದ ಮಗಳನ್ನು ಚಿಕ್ಕಂದಿನಲ್ಲಿ ಸೈಕಲ್ಲಿನ ಮುಂದೆ ಕೂರಿಸಿಕೊಂಡೇ ಓಣಿ ಓಣಿ ತಿರುಗಿದ್ದ. ಮಗಳು ವಕೀಲಳಾಗಬೇಕು ಎಂಬುದೊಂದೇ ಅವನ ಆಸೆ. ಅವಳಿಗೂ ಬೇರೆ ಆಸೆಯಿರಲಿಲ್ಲ. ಆತ ನನ್ನ ಮೇಲಿನ ಅಂಕಗಳನ್ನು ಓದಲೇ ಇಲ್ಲ. ‘ಉತ್ತೀರ್ಣ’ ಎಂಬ ಮಾತಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದ, ಅಷ್ಟೇ.

ಮುಂದೆ ಆತ ಮಾಡಿದ್ದನ್ನು ನೆನೆದರೆ ನನಗೆ ಇವತ್ತಿಗೂ ಮೈ ಸುಡುತ್ತದೆ. ನೇರವಾಗಿ ಝೆರಾಕ್ಸ್ ಅಂಗಡಿಗೆ ಹೋಗಿ ನನಗೆ ಲ್ಯಾಮಿನೇಷನ್ ಮಾಡಿಸಿದ. ಕೋರ್ಟಿನ ಕಾಗದ ಮಳೆಯಲ್ಲಿ ತೊಯ್ದರೆ ಸಾಹೇಬರಿಂದ ಬೈಸಿಕೊಳ್ಳಬೇಕಾದ ಕೆಲಸ ಅವನದು. ಕಾಗದವೆಂದರೆ ನೀರಿನಿಂದ ಕಾಪಾಡಬೇಕಾದದ್ದು ಎಂದೇ ಅವನ ತಿಳಿವಳಿಕೆ. ಎರಡು ಬಿಸಿ ಉರುಳೆಗಳ ನಡುವೆ ನಾನು ನುಸುಳಿ ಬಂದಾಗ ಮೈತುಂಬ ಪ್ಲಾಸ್ಟಿಕ್ಕು. ಅವನ ಪ್ರೀತಿಯ ಮೇಲೆ ನನಗೆ ಸಿಟ್ಟಿಲ್ಲ. ಆ ಪ್ರೀತಿಯನ್ನು ಅಪರಾಧ ಮಾಡಿದವರ ಮೇಲೆ ಸಿಟ್ಟು.

ಅಲ್ಲಿಂದ ನಮ್ಮ ಅಲೆದಾಟ ಶುರುವಾಯಿತು. ಹುಬ್ಬಳ್ಳಿಯಲ್ಲಿ ಗಾಜಿನ ಬಾಗಿಲಿನ ದೊಡ್ಡ ವಕೀಲರ ಕಚೇರಿಯೊಂದಕ್ಕೆ ಹೋದೆವು. ಅಲ್ಲಿದ್ದ ಟೈ ಕಟ್ಟಿದ ಮನುಷ್ಯ ಅವಳನ್ನು ಕೂತುಕೋ ಎನ್ನಲಿಲ್ಲ. ನನ್ನನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣನ್ನು ನೇರ ಕೆಳಗಿನ ಮೊತ್ತಕ್ಕೆ ಇಳಿಸಿದ.

“ಇಟ್ಟು ಹೋಗ್ರಿ, ನೋಡಿ ಹೇಳಿ ಕಳಸ್ತೀವಿ,” ಎಂದ.

ಹೇಳಿ ಕಳಿಸಲಿಲ್ಲ. ಅವಳು ಕೊಟ್ಟುಬಂದ ನನ್ನ ನಕಲು ಪ್ರತಿಯ ಹಿಂಬದಿಯಲ್ಲಿ ಯಾರೋ ಊಟದ ಆರ್ಡರ್ ಬರೆದಿರಬೇಕು. ಬ್ಯಾಂಕಿನ ಕಾನೂನು ಅಧಿಕಾರಿ ಹುದ್ದೆಯ ಅರ್ಜಿ ಇನ್ನೂ ಚೆಂದ: ಕಂಪ್ಯೂಟರಿನಲ್ಲಿ ನಲವತ್ತೊಂಬತ್ತು ಎಂದು ತುಂಬಿದ ಕೂಡಲೇ ಮುಂದಿನ ಪುಟವೇ ತೆರೆಯಲಿಲ್ಲ. ಬೇಡ ಎಂದು ಹೇಳುವಷ್ಟು ಮರ್ಯಾದೆಯೂ ಅದಕ್ಕಿರಲಿಲ್ಲ. ಊರಿನ ಹಿರಿಯ ವಕೀಲರೊಬ್ಬರು ಮಾತ್ರ ಕೂರಿಸಿ, ಚಹಾ ತರಿಸಿ, ಇಷ್ಟು ಮಾರ್ಕ್ಸಿಗೆ ವಕೀಲಿಕೆ ಯಾಕೆ, ಟೈಪಿಂಗ್ ಕಲಿತು ಎಲ್ಲಾದರೂ ಸೇರಿಕೋ ಎಂದು ಬುದ್ಧಿ ಹೇಳಿದರು. ಚಹಾ ಕುಡಿಸಿ ಕೊಡುವ ಪೆಟ್ಟು ಜೋರಾಗಿಯೇ ಬೀಳುತ್ತದೆ ಎಂದು ಅವತ್ತು ತಿಳಿಯಿತು.

ಒಂದೇ ಒಂದು ಕಡೆ ಅಂಕ ಕೇಳಲಿಲ್ಲ. ಸರ್ಕಾರಿ ನಿಗಮವೊಂದರ ಕಾನೂನು ಸಹಾಯಕ ಹುದ್ದೆ. ಪದವಿ ಇದ್ದರೆ ಸಾಕು, ಮಿಕ್ಕಿದ್ದು ಲಿಖಿತ ಪರೀಕ್ಷೆ. ನೀಲಗಂಗಾ ಅದರಲ್ಲಿ ಆಯ್ಕೆಯಾದಳು! ದಾಖಲೆ ಪರಿಶೀಲನೆಗೆ ಅಪ್ಪ ಮಗಳು ಇಬ್ಬರೂ ಹೋದರು. ಫಕ್ಕೀರಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲ ಬಳಿ ನಿಂತ. ಅಧಿಕಾರಿ ನನ್ನನ್ನು ತಿರುವಿ ಹಾಕಿ ಬೆನ್ನ ಮೇಲೆ ‘ಪರಿಶೀಲಿಸಲಾಗಿದೆ’ ಎಂಬ ಮುದ್ರೆ ಒತ್ತಿದರು. ಮುದ್ರೆ ಪ್ಲಾಸ್ಟಿಕ್ಕಿನ ಮೇಲೆ ಜಾರಿತು. ಇನ್ನೊಮ್ಮೆ ಒತ್ತಿದರು. ಹೆಬ್ಬೆರಳಿನಿಂದ ಒರೆಸಿದರೆ ಹೋಗಿಯೇಬಿಟ್ಟಿತು. ಲ್ಯಾಮಿನೇಷನ್ ಮಾಡಿಸಿದ ಮೂಲಪ್ರತಿ ನಿಯಮದ ಪ್ರಕಾರ ನಡೆಯುವುದಿಲ್ಲ, ಇವತ್ತು ಸಂಜೆಯೊಳಗೆ ವಿಶ್ವವಿದ್ಯಾಲಯದಿಂದ ಬೇರೆ ಪ್ರತಿ ತರಬೇಕು ಎಂದರು. ಬೇರೆ ಪ್ರತಿಗೆ ಮೂರು ತಿಂಗಳು ಬೇಕೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳು ಬೇಡಿಕೊಂಡಳು. ನನ್ನ ಮೇಲಿನ ಒಂದೊಂದು ಅಕ್ಷರವೂ ಗಾಜಿನ ಹಿಂದೆ ಇದ್ದಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು, ಆದರೂ ನಾನು ನಾನೇ ಎಂದು ಒಪ್ಪುವವರಿರಲಿಲ್ಲ. ಕೆಲಸ ಕೈತಪ್ಪಿತು. ಇದಕ್ಕಿಂತ ಅನ್ಯಾಯ ಇನ್ನೇನು ಬೇಕು?

ಮನೆಗೆ ಬಂದವನೇ ಫಕ್ಕೀರಪ್ಪ ಬ್ಲೇಡು ಹಿಡಿದು ನನ್ನ ಅಂಚು ಸೀಳಲು ಕೂತ. ಒಂದು ಮೂಲೆ ಹರಿಯಿತು, ಬಳ್ಳಿಯ ನಾಲ್ಕು ಎಲೆ ಹೋದವು. ನೀಲಗಂಗಾ ಅವನ ಕೈ ಹಿಡಿದಳು.

“ಬಿಡು ಯಪ್ಪಾ. ಮಳೀಗೆ ಹೆದರಿ ಹೊದಿಸಿದ್ದಿ, ಅದರಾಗ ತಪ್ಪೇನೈತಿ?”

ಆಮೇಲೆ ಇಬ್ಬರೂ ಅತ್ತರು. ಒಬ್ಬರಿಗೊಬ್ಬರು ಕಾಣದ ಹಾಗೆ, ಒಬ್ಬರು ಅಡುಗೆಮನೆಯಲ್ಲಿ, ಒಬ್ಬರು ಹಿತ್ತಿಲಲ್ಲಿ. ನಾನು ಚಾಪೆಯ ಮೇಲೆ ಬಿದ್ದುಕೊಂಡು ಎರಡೂ ಕೇಳಿಸಿಕೊಂಡೆ.

ಕಡೆಗೆ ಅವಳು ವಕೀಲಿಕೆಯ ಸನ್ನದು ಪಡೆದು, ಕರಿ ಕೋಟು ಹಾಕಿಕೊಂಡು, ಕೊಣ್ಣೂರ ವಕೀಲರ ಕಚೇರಿ ಸೇರಿದಳು. ಅವರೇನು ಕರುಣೆಯಿಂದ ಕರೆದವರಲ್ಲ. ಫೈಲು ಹೊರಲು, ಕೋರ್ಟಿಗೆ ಓಡಿ ಮುಂದಿನ ತಾರೀಖು ಬರೆದುಕೊಂಡು ಬರಲು ಯಾರಾದರೂ ಬೇಕಾಗಿತ್ತು. ನನಗೂ ಅಲ್ಲೇ ಕೆಲಸ ಸಿಕ್ಕಿತು. ಪ್ಲಾಸ್ಟಿಕ್ಕಿನಿಂದ ಗಟ್ಟಿಯಾಗಿದ್ದೆನಲ್ಲ, ನಿಂತಲ್ಲೇ ತಾರೀಖು ಬರೆದುಕೊಳ್ಳಲು ಅವಳು ಕಾಗದದ ಅಡಿಗೆ ನನ್ನನ್ನು ಇಟ್ಟುಕೊಂಡಳು. ಹೀಗೆ ಯಾವ ಕಚೇರಿಯೂ ಒಳಗೆ ಬಿಟ್ಟುಕೊಳ್ಳದ ನಾನು ದಿನಾ ಕೋರ್ಟಿಗೆ ಹೋಗತೊಡಗಿದೆ. ಎರಡು ವರ್ಷ ಅವಳ ಬಾಯಿಂದ ನ್ಯಾಯಾಧೀಶರು ಕೇಳಿದ್ದು ಒಂದೇ ಮಾತು: ನಮ್ಮ ಹಿರಿಯರು ಇನ್ನೊಂದು ಕೋರ್ಟಿನಲ್ಲಿದ್ದಾರೆ, ಸ್ವಲ್ಪ ಕಾಲಾವಕಾಶ ಕೊಡಬೇಕು.

ಆಗ ಹುಸೇನಬಿ ಬಂದಳು. ಪಾತ್ರೆಗೆ ಕಲಾಯಿ ಹಾಕುತ್ತಿದ್ದವನ ವಿಧವೆ, ಮುದುಕಿ. ಮೈದುನ ಅವಳಿದ್ದ ಮನೆ ತನ್ನದೆಂದು ದಾವೆ ಹಾಕಿ ಗೆದ್ದುಬಿಟ್ಟಿದ್ದ. ಅವಳಿಗೆ ಸಮನ್ಸು ಕೊಡಲಾಗಿದೆ, ಆದರೂ ಬರಲಿಲ್ಲ ಎಂದು ಕೋರ್ಟು ಏಕಪಕ್ಷೀಯವಾಗಿ ತೀರ್ಪು ಕೊಟ್ಟಿತ್ತು. ತನಗೆ ಯಾವ ಕಾಗದವೂ ಮುಟ್ಟಿಲ್ಲ ಎಂದು ಅವಳು ಆಣೆ ಇಡುತ್ತಿದ್ದಳು. ಕೊಣ್ಣೂರರು ಫೈಲು ತಿರುವಿ ತಲೆಯಾಡಿಸಿದರು. ಸಮನ್ಸನ್ನು ಮನೆಬಾಗಿಲಿಗೆ ಅಂಟಿಸಲಾಗಿದೆ ಎಂದು ಬೇರೊಬ್ಬ ಅಮೀನನ ವರದಿ ಇತ್ತು, ಇಬ್ಬರು ಸಾಕ್ಷಿಗಳ ಸಹಿಯೂ ಇತ್ತು. ಏನೂ ಮಾಡುವ ಹಾಗಿಲ್ಲ ಎಂದರು.

ನೀಲಗಂಗಾ ಆ ವರದಿಯನ್ನು ನನ್ನ ಮೇಲಿಟ್ಟುಕೊಂಡು ಓದಿದಳು. ಎರಡನೇ ಸಲ ಓದುವಾಗ ಅವಳ ಬೆರಳು ಒಂದು ಕಡೆ ನಿಂತಿತು.

“ಸರ್, ಮನಿ ತೋರಿಸಿದವರು ಯಾರಂತ ಇದರಾಗ ಬರದೇ ಇಲ್ಲ,” ಎಂದಳು.

ಅಮೀನ ಹೊಸ ಓಣಿಗೆ ಹೋದರೆ ಮೊದಲು ಆ ಮನೆ ಇದೇ ಎಂದು ತೋರಿಸುವವರು ಬೇಕು. ಅವರ ಹೆಸರು, ವಿಳಾಸ ವರದಿಯಲ್ಲಿ ಬರೆಯಬೇಕು. ಫಕ್ಕೀರಪ್ಪ ಅದನ್ನು ಬರೆಯದೆ ಒಂದು ದಿನವೂ ಸೈಕಲ್ ಹತ್ತಿದವನಲ್ಲ. ಅವಳು ಆ ಓಣಿಗೆ ಹೋಗಿ ವಿಚಾರಿಸಿದಳು. ಅಲ್ಲಿ ಇಬ್ಬರು ಹುಸೇನಬಿಯರಿದ್ದರು. ಕಾಗದ ಅಂಟಿಸಿದ್ದು ಊರಲ್ಲಿಲ್ಲದ ಇನ್ನೊಬ್ಬಳ ಬಾಗಿಲಿಗೆ. ಕೋರ್ಟು ಆ ಅಮೀನನನ್ನು ಕರೆಸಿತು. ಕೊಣ್ಣೂರರು ಪ್ರಶ್ನೆ ಕೇಳುವುದನ್ನು ಅವಳಿಗೇ ಬಿಟ್ಟರು. ಅವಳು ದನಿಯೇರಿಸಲಿಲ್ಲ. ಮನೆ ತೋರಿಸಿದವರು ಯಾರು ಎಂದು ಮೂರು ಸಲ ಕೇಳಿದಳು. ಮೂರನೇ ಸಲ ಆತ ನೆಲ ನೋಡಿದ. ತೀರ್ಪು ರದ್ದಾಯಿತು, ಹುಸೇನಬಿಯ ಮಾತು ಕೇಳಲು ಕೋರ್ಟು ಒಪ್ಪಿತು.

ಹೊರಗೆ ಬಂದಮೇಲೆ ಕೊಣ್ಣೂರರು ಕೇಳಿದರು:

“ಇದನ್ನ ಎಲ್ಲಿ ಕಲತಿ?”

“ನಮ್ಮಪ್ಪನ ಸೈಕಲ್ ಮ್ಯಾಲ, ಸರ್. ಪರೀಕ್ಷಾದಾಗೂ ಇದನ್ನ ಬರದಿದ್ದೆ. ನಿಯಮದ ನಂಬರ್ ಗೊತ್ತಿರಲಿಲ್ಲ, ಪೂರಾ ಹೊಡದು ಹಾಕಿದ್ರು.”

ಅವಳ ಕಂಕುಳಲ್ಲಿದ್ದ ನಾನು ಬೆಂದುಹೋದೆ. ನೂರಕ್ಕೆ ನಲವತ್ತೊಂದು! ಇದೇ ವಿಷಯ, ಇದೇ ಉತ್ತರ. ಒಬ್ಬ ಮುದುಕಿಗೆ ಸೂರು ಉಳಿಸಿದ ಮಾತಿಗೆ ಸೊನ್ನೆ ಸುತ್ತಿದ ಆ ಪೆನ್ನು ಯಾವುದು, ಆ ಕೈ ಯಾರದು? ಅವರ ಹೆಸರು ನನ್ನ ಮೇಲೆ ಎಲ್ಲೂ ಇಲ್ಲ. ಅಂಕ ಕಳೆದುಕೊಂಡವರ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತದೆ.

ಅಲ್ಲಿಂದ ಮುಂದೆ ಅವಳಿಗೆ ಕಕ್ಷಿದಾರರು ಬಂದರು. ಅವರಲ್ಲಿ ಒಬ್ಬರೂ ನನ್ನನ್ನು ಕೇಳಲಿಲ್ಲ. ಕೊಣ್ಣೂರರು ತೀರಿಕೊಂಡ ಮೇಲೆ ಅವಳದೇ ಕಚೇರಿಯಾಯಿತು, ಬಾಗಿಲ ಮೇಲೆ ಹಿತ್ತಾಳೆಯ ಫಲಕ ಬಂತು. ಬರೆದುಕೊಳ್ಳಲು ಡೈರಿ ಬಂತು, ನಾನು ಮೇಜಿನ ಕೆಳಗಿನ ಡ್ರಾಯರು ಸೇರಿದೆ. ನಿವೃತ್ತನಾದ ಫಕ್ಕೀರಪ್ಪ ದಿನಾ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಪೇಪರು ಓದುತ್ತಾ ಕೂರುತ್ತಿದ್ದ. ನನ್ನ ಕಥೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು.

ಹೋದ ಗುರುವಾರ ಮುಂಡರಗಿ ಕಡೆಯ ಹುಡುಗಿಯೊಬ್ಬಳು ಕಿರಿಯ ವಕೀಲೆಯ ಕೆಲಸ ಕೇಳಿಕೊಂಡು ಬಂದಳು. ಸಾವಂತ್ರಿ ಚಲವಾದಿ ಎಂದು ಹೆಸರು. ಡ್ರಾಯರು ಅರ್ಧ ತೆರೆದಿತ್ತು, ನನಗೆ ಅವಳ ಚಪ್ಪಲಿ ಕಾಣುತ್ತಿತ್ತು. ಒಂದರ ಹರಿದ ಬಾರಿಗೆ ಪಿನ್ನು ಹಾಕಿತ್ತು. ಅವಳು ಅರ್ಜಿಯ ಜೊತೆ ಅಂಕಪಟ್ಟಿ ಕೊಟ್ಟಳು. ನೀಲಗಂಗಾ ಹೆಸರು ಓದಲಿಲ್ಲ, ಕಣ್ಣನ್ನು ನೇರ ಕೆಳಗಿನ ಮೊತ್ತಕ್ಕೆ ಇಳಿಸಿದಳು. ಐವತ್ತೊಂದು ಎಂದು ತನ್ನಷ್ಟಕ್ಕೆ ಅಂದುಕೊಂಡಳು.

“ಇಟ್ಟು ಹೋಗವಾ, ನೋಡಿ ಹೇಳಿ ಕಳಸ್ತೀನಿ,” ಎಂದಳು.

ಆ ಮಾತು ಹುಬ್ಬಳ್ಳಿಯ ಗಾಜಿನ ಬಾಗಿಲಿನದು. ನನಗೆ ಬಾಯಿದ್ದರೆ ಕೂಗಿಬಿಡುತ್ತಿದ್ದೆ. ಹದಿನೇಳು ವರ್ಷ ಯಾರ ಪರವಾಗಿ ಸಿಟ್ಟು ಕಾಪಾಡಿಕೊಂಡು ಬಂದೆನೋ, ಅವಳ ಮೇಲೆಯೇ ನನಗೆ ಅವತ್ತು ಸಿಟ್ಟು ಬಂತು. ಸಾವಂತ್ರಿ ನಮಸ್ಕಾರ ಮಾಡಿ ಮೆಟ್ಟಿಲು ಇಳಿದುಹೋದಳು.

ಬೆಂಚಿನ ಮೇಲಿದ್ದ ಫಕ್ಕೀರಪ್ಪ ಪೇಪರು ಮಡಿಸಿದ.

“ಆಕಿಗೆ ಏನು ಕೇಳಿದಿ?” ಎಂದ.

“ಏನೂ ಕೇಳಲಿಲ್ಲ ಯಪ್ಪಾ. ಮಾರ್ಕ್ಸ್ ಕಡಿಮಿ ಅದಾವ.”

“ಹಂಗಾರ ಖಾಲಿ ಮನಿ ಬಾಗಿಲಿಗೆ ಅಂಟಿಸಿ ಬಂದಂಗಾತು. ಆಕೀನ ನೀ ನೋಡೇ ಇಲ್ಲ.”

ಡ್ರಾಯರು ಪೂರ್ತಿ ತೆರೆಯಿತು. ನೀಲಗಂಗಾ ನನ್ನನ್ನು ಹೊರಗೆ ತೆಗೆದಳು. ಹರಿದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದಳು, ನಲವತ್ತೊಂದನ್ನು ನೋಡಿದಳು. ಅವಳ ಕಿವಿ ಕೆಂಪಾಗಿತ್ತು. ಆಮೇಲೆ ನನ್ನ ಮೇಲೆ ಒಂದು ಬಿಳಿ ಹಾಳೆ ಇಟ್ಟು, ಒತ್ತಿ ಒತ್ತಿ ಬರೆದಳು: ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಬರಬೇಕು. ಕೋಟು ತರಬೇಕು. ಅಂಕಪಟ್ಟಿ ಬೇಡ.

ಫಕ್ಕೀರಪ್ಪ ಅದನ್ನು ಇಸಿದುಕೊಂಡು, ಅರ್ಜಿಯ ಮೇಲಿದ್ದ ವಿಳಾಸ ಓದಿ, ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೇಬಿಗಿಟ್ಟ. ಫೋನ್ ಮಾಡಿದರೆ ಸಾಕು ಎಂದು ಮಗಳು ಹೇಳಿದಳು. ಆತ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.

“ಖುದ್ದ ಆಕೀ ಕೈಯಾಗ ಕೊಟ್ಟು ಸಹಿ ತಗೊಂಡ ಬರ್ತೀನಿ,” ಎಂದ. “ಮನಿ ತೋರಿಸಿದವರ ಹೆಸರೂ ಬರಕೊಂಡು ಬರ್ತೀನಿ.”

ನಾನು ಮತ್ತೆ ಡ್ರಾಯರಿನಲ್ಲಿದ್ದೇನೆ. ನನ್ನ ಸಿಟ್ಟು ಇಳಿದಿಲ್ಲ, ಇಳಿಯುವ ಕಾರಣವೂ ಇಲ್ಲ. ನನ್ನಂಥ ಪಟ್ಟಿಗಳು ಈ ಹೊತ್ತೂ ಯಾವುದೋ ಯಂತ್ರದ ಬಾಯಿಂದ ಬಿಸಿಬಿಸಿಯಾಗಿ ಹೊರಬರುತ್ತಿವೆ. ನಲವತ್ತೊಂದು ಇನ್ನೂ ಹಾಗೆಯೇ ಇದೆ. ಆದರೆ ಡ್ರಾಯರು ತೆರೆದಾಗ ಬೆಳಕು ಓರೆಯಾಗಿ ಬಿದ್ದರೆ ಅದರ ಮೇಲೆ ಇನ್ನೊಂದು ಬರಹ ಕಾಣುತ್ತದೆ. ಸರ್ಕಾರದ ಮುದ್ರೆ ಕೂರದ ಪ್ಲಾಸ್ಟಿಕ್ಕಿನ ಮೇಲೆ ಅವಳ ಪೆನ್ನಿನ ಒತ್ತು ಕೂತಿದೆ: ಸೋಮವಾರ, ಹತ್ತು ಗಂಟೆ.