ಕಸ್ತೂರಮ್ಮನ ಕತ್ತರಿ

ಕಸ್ತೂರಮ್ಮನ ಸೊಂಟದಲ್ಲಿ, ಬೇರೆ ಹೆಂಗಸರಿಗೆ ಬೀಗದಕೈ ಗೊಂಚಲಿರುವ ಜಾಗದಲ್ಲಿ, ಒಂದು ಪುಟ್ಟ ಕತ್ತರಿ ತೂಗಾಡುತ್ತದೆ. ಎಂ.ಸಿ.ಸಿ. ಬಡಾವಣೆಯಲ್ಲಿ ಯಾರ ಮನೆಗೆ ಹೋದರೂ ಅರಿಸಿನ ಕುಂಕುಮ ತೆಗೆದುಕೊಳ್ಳುವ ಮೊದಲೇ ಅದು ಅವರ ಕುಂಡದ ಒಣಕಡ್ಡಿಯೊಂದನ್ನು ಮುಗಿಸಿರುತ್ತದೆ. ಎಡಗಾಲನ್ನು ತುಸು ಎಳೆದು ನಡೆಯುವ, ಮಾತುಮಾತಿಗೂ 'ತಿಳೀತಾ' ಎನ್ನುವ ಈ ನಿವೃತ್ತ ಶಿಕ್ಷಕಿಗೆ ಸಿಡುಕಿಯೆಂಬ ಖ್ಯಾತಿ ಬಂದದ್ದು ಒಂದು ಗಿಡದಿಂದ.

ಅದು ಎಲ್ಮ್ ಎಂಬ ಪರದೇಶದ ಮರದ, ಮೊಣಕಾಲೆತ್ತರ ಮೀರದ ಗಿಡ್ಡ ತಳಿ. ಉಗುರಿನಷ್ಟು ಎಲೆ, ಅಂಚಿಗೆಲ್ಲ ಸುಣ್ಣದ ಗೆರೆ ಎಳೆದಂಥ ಬಿಳುಪು. ಆಗಾಗ ಅದರಲ್ಲಿ ಅಪ್ಪಟ ಹಸಿರಿನ ಚಿಗುರೊಂದು ಧಿಮಾಕಿನಿಂದ ಏಳುತ್ತದೆ. ಬಿಟ್ಟರೆ ಅದೇ ಬಲಿತು ಬಿಳಿಯಂಚಿನ ಕೊಂಬೆಗಳನ್ನು ನುಂಗಿಹಾಕುತ್ತದೆ. ಹನ್ನೆರಡು ವರ್ಷ ಆಕೆ ಹಸಿರನ್ನು ಕತ್ತರಿಸಿ ಬಿಳುಪನ್ನು ಕಾದಳು. ರೋಗದ ಗಿಡ ಸಾಕುತ್ತಾಳೆಂದು ಬೀದಿಯವರು ನಕ್ಕರು.

ಹೋದ ವರ್ಷ ಹರಿಹರದಲ್ಲಿ ತಂಗಿಯ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಹೊರಟಾಗ ಮನೆ ಕಾಯಲು ಗಂಡನ ಅಣ್ಣ ಬಕ್ಕೇಶಪ್ಪ ಬಂದರು. ಮಂಡಿಪೇಟೆಯಲ್ಲಿ ನಲವತ್ತು ವರ್ಷ ವೀಳ್ಯದೆಲೆ ಆರಿಸಿದ ಕೈ ಅದು. ಮಚ್ಚೆ ಬಿದ್ದ ಎಲೆ ಕಂಡರೆ ಮನಸ್ಸಿಗೆ ತಿಳಿಯುವ ಮೊದಲೇ ಬೆರಳು ಎತ್ತಿ ಎಸೆದಿರುತ್ತದೆ. ಮರುದಿನ ಸಂಜೆ ಆಕೆ ಗೇಟು ತೆರೆದಾಗ ಕುಂಡದಲ್ಲಿ ಎರಡು ಹಸಿರು ಕಡ್ಡಿ ಮಾತ್ರ ನಿಂತಿದ್ದವು.

"ರೋಗ ಹತ್ತಿತ್ತು. ಮಧ್ಯಾಹ್ನ ಎಲ್ಲಾ ಕತ್ರಿಸಿ ಸ್ವಚ್ಛ ಮಾಡೀನಿ," ಎಂದರು ಭಾವ, ಉಪಕಾರದ ಕಳೆ ಹೊತ್ತ ಮುಖದಲ್ಲಿ.

ಕೇಳದೆ ಮಾಡುವ ಉಪಕಾರದಷ್ಟು ಅಹಂಕಾರದ ಕೆಲಸ ಇನ್ನೊಂದಿಲ್ಲ. ಅದುವರೆಗೆ ಹಿರಿಯರಿಗೆ ಎದುರಾಡದ ಕಸ್ತೂರಮ್ಮ ಅಂದು ಆಡಿದಳು. "ನಿಮ್ಮ ಎಲೆ ಪೆಂಡಿಯೊಳಗ ನಾ ಯಾವತ್ತಾದ್ರೂ ಕೈ ಹಾಕೀನೇನ್ರಿ? ನನ್ನ ಗಿಡಕ್ಕ ಯಾಕ ಹಾಕಿದ್ರಿ? ಬರ್ರಿ, ಕೂಡ್ರಿ ಇಲ್ಲಿ."

ಕಸದ ಬುಟ್ಟಿಯನ್ನು ಅವರ ಮುಂದೆ ಸುರಿದಳು. "ಮಚ್ಚೆ ಇದ್ದ ಕಡ್ಡಿ ಈ ಕಡೆ ಇಡ್ರಿ. ಒಂದೂ ಒಗೀಬ್ಯಾಡ್ರಿ. ತಿಳೀತಾ?"

ಜೀವಮಾನವಿಡೀ ಮಚ್ಚೆಯೆಲೆಯನ್ನು ಎಸೆದವರು ಆ ಸಂಜೆ ಕಟ್ಟೆಯ ಮೇಲೆ ಕುಳಿತು ಅದನ್ನೇ ಆಯ್ದರು. ಕೈ ಎರಡು ಸಲ ತಪ್ಪಿತು. ಆಕೆ ಎರಡು ಸಲವೂ ಗದರಿದಳು. ಜೀವ ಉಳಿದಿದ್ದ ಎಂಟು ಕಡ್ಡಿಗಳನ್ನು ಮರಳಿನಲ್ಲಿ ನೆಟ್ಟಳು. ಏಳು ಒಣಗಿದವು. ಎರಡು ತಿಂಗಳ ಮೇಲೆ ಎಂಟನೆಯದು ಬಿಳಿಯಂಚಿನ ಒಂದೆಲೆ ಬಿಟ್ಟಿತು. ಸುದ್ದಿ ಕೇಳಿ ಬಂದ ಬಕ್ಕೇಶಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿ ಹೋದರು.

ಬಲಿಷ್ಠವಾದದ್ದು ಯಾರ ಕಾವಲೂ ಇಲ್ಲದೆ ಬೆಳೆಯುತ್ತದೆ. ದುರ್ಬಲವಾದ ಚೆಲುವಿಗೆ ಮಾತ್ರ ಜಗಳಕ್ಕೆ ನಿಲ್ಲುವ ಒಬ್ಬರು ಬೇಕು. ಅಂಥವರು ಬೀದಿಗೊಬ್ಬರು ಸಿಕ್ಕರೆ ಹೆಚ್ಚು, ಸಿಕ್ಕ ಆ ಒಬ್ಬರನ್ನೂ ನಾವು ಮಚ್ಚೆಯೆಲೆಯೆಂದೇ ಎತ್ತಿ ಎಸೆಯುತ್ತೇವೆ.