ತೂಕಕ್ಕೆ ಇಟ್ಟ ಕಬ್ಬಿಣ

“ಮಗನಿಗಾ ಮೇಡಂ?”

ಕಂಪ್ಯೂಟರ್ ಅಂಗಡಿಯವನು ಕೇಳಿದ್ದು ಅಕ್ಕನನ್ನು, ನೋಡಿದ್ದು ನನ್ನನ್ನು.

“ನನಗೆ,” ಅಂದಳು ಅಕ್ಕ.

“ಓ, ಒಳ್ಳೇದು, ಒಳ್ಳೇದು. ಸರ್, ಮೇಡಂ ಯಾವ ಗೇಮ್ ಆಡ್ತಾರೆ?”

ಮಾತು ಬಾರದ ಕೂಸನ್ನು ಡಾಕ್ಟರ ಹತ್ತಿರ ಎತ್ತಿಕೊಂಡು ಹೋದಾಗ ಹೀಗೆಯೇ ಕೇಳುತ್ತಾರೆ. ಅಕ್ಕನಿಗೆ ಐವತ್ತೊಂದು. ಇಪ್ಪತ್ತೆರಡು ವರ್ಷ ಆಂಬುಲೆನ್ಸ್ ಓಡಿಸಿದವಳು. ಸ್ಟ್ರೆಚರ್ ಎತ್ತುವಾಗ ಬೆನ್ನುಮೂಳೆ ಜಾರಿ, ಇನ್ನು ಸ್ಟಿಯರಿಂಗ್ ಮುಟ್ಟಕೂಡದೆಂದು ಡಾಕ್ಟರು ಬರೆದುಕೊಟ್ಟ ಮೇಲೆ, ನಮ್ಮ ಮನೆಯ ನಡುಕೋಣೆಯಲ್ಲಿ, ಅಮ್ಮನ ಹಳೆಯ ಹೊಲಿಗೆ ಯಂತ್ರದ ಮೇಜಿಗೆ ಆಟದ ಸ್ಟಿಯರಿಂಗ್ ಒಂದನ್ನು ಬಿಗಿದುಕೊಂಡಳು. ಪೆಡಲುಗಳು ಹಿಂದಕ್ಕೆ ಜಾರದಂತೆ ಗೋಡೆಗೆ ಒತ್ತಿ ಎರಡು ಇಟ್ಟಿಗೆ. ಸೊಂಟಕ್ಕೊಂದು ದಿಂಬು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಕಂಪ್ಯೂಟರಿನಲ್ಲೇ, ಬೇರೆ ಬೇರೆ ಕಡೆ ಕೂತವರೊಡನೆ ಕಾರ್ ರೇಸು.

ಅಕ್ಕನದು ಮೂವರ ತಂಡ. ಮೂವರೂ ಗೆರೆ ದಾಟಿದರೆ ಮಾತ್ರ ತಂಡಕ್ಕೆ ಅಂಕ. ನಾಯಕ, ಹಿಂದೆ ಆಂಬುಲೆನ್ಸುಗಳ ಕಂಟ್ರೋಲ್ ರೂಮಿನಲ್ಲಿ ಕುಳಿತು ಇವಳಿಗೆ ವಿಳಾಸ ಹೇಳುತ್ತಿದ್ದವನೇ. ಈಗ ಹೆಡ್‌ಫೋನಿನಲ್ಲಿ ತಿರುವು ಹೇಳುತ್ತಾನೆ.

ಕಳೆದ ಮೂರು ಭಾನುವಾರವೂ ಅಕ್ಕನ ಕಂಪ್ಯೂಟರು ಕೈಕೊಟ್ಟಿತು. ಕೊನೆಯ ಸುತ್ತುಗಳಲ್ಲಿ ಪರದೆಯ ಮೇಲೆ ಮಳೆ ಶುರುವಾಗುತ್ತದೆ, ನಲವತ್ತು ಕಾರು ನೀರೆರಚಿಕೊಂಡು ಒಟ್ಟಿಗೆ ನುಗ್ಗುತ್ತವೆ. ಆಗ ‘ಟಕ್’ ಎಂದು ಒಂದು ಸದ್ದು, ಎಲ್ಲಾ ಕಪ್ಪು. ನಾನು ಅದೇ ಕೋಣೆಯ ಮೂಲೆಯಲ್ಲಿ ಪುಸ್ತಕಗಳಿಗೆ ಬೈಂಡು ಹಾಕುವವನು. ಅಪ್ಪ ಬೆಳಿಗ್ಗೆ ಪದ್ಯ ಓದುವಾಗ ಯಾವ ಸಾಲಿನಲ್ಲಿ ಅವರ ಉಸಿರು ಮುಗಿಯುತ್ತದೆಂದು ನನಗೆ ಮೊದಲೇ ತಿಳಿದುಬಿಡುತ್ತಿತ್ತು. ಕಂಪ್ಯೂಟರಿನ ಫ್ಯಾನೂ ಹಾಗೆ. ದನಿ ಏರುತ್ತ ಏರುತ್ತ ಹೋಗಿ, ‘ಇನ್ನಾಗದು’ ಅನ್ನುವ ಒಂದು ಎತ್ತರ ಮುಟ್ಟುತ್ತಿತ್ತು. ಅಲ್ಲಿಗೆ ಟಕ್.

ಮೂರನೆಯ ಸಲ ನಾಯಕ ಮೆಲ್ಲಗೆ ಹೇಳಿದ್ದ: “ಅಕ್ಕೋರೇ, ತಪ್ಪು ತಿಳ್ಕೋಬೇಡಿ. ಇನ್ನೊಂದು ಭಾನುವಾರ ನೋಡೋಣ. ಆಗ್ಲಿಲ್ಲ ಅಂದ್ರೆ ನಿಮ್ ಜಾಗಕ್ಕೆ ಬೇರೆಯವರನ್ನ ಹಾಕ್ಬೇಕಾಗುತ್ತೆ.”

ಆಂಬುಲೆನ್ಸಿನಲ್ಲಿದ್ದಷ್ಟು ಕಾಲ ಆಸ್ಪತ್ರೆಯ ಬಾಗಿಲಿಗೆ ಬಂದೊಡನೆ ಅಕ್ಕ ವೈರ್‌ಲೆಸ್ಸಿನಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು: ‘ತಲುಪಿದೆ.’ ಒಂದು ದಿನವೂ ಆ ಮಾತು ತಪ್ಪಿದವಳಲ್ಲ. ಈಗ ತಂಡದಿಂದ ಕೈಬಿಡುತ್ತಾರಂತೆ, ತಲುಪದವಳೆಂದು. ಆ ದಿನ ಅವಳು ಊಟ ಮಾಡಲಿಲ್ಲ. ನಾಲ್ಕು ದಿನ ಕೂತು ಓದಿ, ಅಳೆದು, ಒಂದು ಚೀಟಿ ಬರೆದಳು.

ಚೀಟಿಯಲ್ಲಿ ಇದ್ದದ್ದು ಎರಡೇ ವಸ್ತು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು, ಮಧ್ಯಮ ದರ್ಜೆಯದು. ಉದ್ದ ಇಪ್ಪತ್ತೈದು ಸೆಂಟಿಮೀಟರ್ ದಾಟಬಾರದು, ಪೆಟ್ಟಿಗೆಯೊಳಗೆ ಇರುವ ಜಾಗ ಇಪ್ಪತ್ತೇಳು. ಅದಕ್ಕೆ ಕರೆಂಟು ಒದಗಿಸುವ ಪವರ್ ಸಪ್ಲೈ, ಐನೂರೈವತ್ತು ವ್ಯಾಟಿನದು. ಅದರ ಕೆಳಗೆ, ಎರಡೆರಡು ಗೆರೆ ಎಳೆದು: ಕಾರ್ಡು ಕರೆಂಟು ಎಳೆಯುವ ಹನ್ನೆರಡು ವೋಲ್ಟಿನ ಸಾಲಿನಲ್ಲಿ ನಲವತ್ತು ಆಂಪಿಯರಿಗೆ ಕಡಿಮೆ ಇರಬಾರದು.

ಅಂಗಡಿಯವನು ಚೀಟಿಯ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಟ್ಟ. ಮೂರು ಫ್ಯಾನಿನ, ಕೆಂಪು ನೀಲಿ ಬಣ್ಣ ಚೆಲ್ಲುವ ಕಾರ್ಡೊಂದನ್ನು ಮದುವಣಗಿತ್ತಿಯಂತೆ ತಂದು ಕೂರಿಸಿದ.

“ಇದು ಹಾಕಿದ್ರೆ ರೂಮೇ ಬೆಳಗುತ್ತೆ ಸರ್.”

“ರೂಮಿಗೆ ಬಲ್ಬ್ ಇದೆ,” ಅಂದಳು ಅಕ್ಕ. “ಇದರ ಉದ್ದ ಮೂವತ್ತರ ಮೇಲಿದೆ. ನನ್ನ ಪೆಟ್ಟಿಗೆಗೆ ಹಿಡಿಸಲ್ಲ. ಚೀಟೀಲಿ ಇರೋದನ್ನ ಕೊಡಿ. ಸಪ್ಲೈ ಯಾವುದಿದೆ?”

“ಸಪ್ಲೈದೇನು ಸರ್, ಒಂದು ಡಬ್ಬ. ಯಾವುದಾದ್ರೂ ನಡೆಯುತ್ತೆ. ಕಾರ್ಡೇ ಮುಖ್ಯ.”

“ನಡೆಯಲ್ಲ. ಅದು ನಿಂತರೆ ಎಲ್ಲಾ ನಿಂತಂಗೆ.”

“ಸರ್, ನೀವಾದ್ರೂ ಹೇಳಿ ಇವರಿಗೆ.”

ನಾನು ಹೇಳಲಿಲ್ಲ. ಅಕ್ಕನಿಗೂ ಹೇಳಲಿಲ್ಲ, ಅವನಿಗೂ ಹೇಳಲಿಲ್ಲ. ನಾಲ್ಕು ಜನರೆದುರು ದನಿ ಏರಿದರೆ ನನಗೆ ನೆಲ ನೋಡುವ ಚಾಳಿ. ಅಷ್ಟರಲ್ಲಿ ಅಕ್ಕನ ಮುಖ ಬಿಳಿಚಿಕೊಂಡಿತು. ಕಾಲು ಗಂಟೆಗಿಂತ ಹೆಚ್ಚು ನಿಂತರೆ ಅವಳ ಸೊಂಟ ಕೇಳುವುದಿಲ್ಲ. ಅಂಗಡಿಯಲ್ಲಿ ಇದ್ದ ಒಂದೇ ಕುರ್ಚಿಯ ಮೇಲೆ ರಟ್ಟಿನ ಡಬ್ಬಗಳು ಕೂತಿದ್ದವು.

“ನಾನು ಹೊರಗೆ ಬೆಂಚಿನ ಮೇಲಿರ್ತೀನಿ. ಚೀಟೀಲಿ ಏನಿದೆಯೋ ಅದೇ. ಒಂದಕ್ಷರ ಆಚೀಚೆ ಬೇಡ,” ಅಂದು ಹೋದಳು.

ಅವಳು ಬಾಗಿಲು ದಾಟುವುದನ್ನೇ ಕಾದಿದ್ದವನಂತೆ ಅವನು ಮುಂದಕ್ಕೆ ಬಾಗಿದ.

“ಕಾರ್ಡ್ ಅವರು ಹೇಳಿದ್ದೇ ಕೊಡ್ತೀನಿ ಸರ್, ಅವರಿಗೂ ಸಮಾಧಾನ. ಆದ್ರೆ ಆ ಐನೂರೈವತ್ತು ಸ್ಟಾಕಿಲ್ಲ. ಇದು ನೋಡಿ, ಏಳ್ನೂರು. ಅದೇ ಬೆಲೆಗೆ ಕೊಡ್ತೀನಿ, ನಿಮ್ಮ ಮುಖ ನೋಡಿ. ಮೇಡಂ ಯಾವ್ಯಾವುದೋ ವಿಡಿಯೋ ನೋಡ್ಕೊಂಡು ತಲೆ ಕೆಡಿಸ್ಕೊಂಡಿದಾರೆ. ಕೈಯಲ್ಲಿ ತೂಗಿ ನೋಡಿ. ತೂಕ ಇದೆ ಅಂದ್ರೆ ಒಳಗೆ ಮಾಲಿದೆ ಅಂತ.”

ತೂಗಿ ನೋಡಿದೆ. ಕೈ ಜಗ್ಗಿತು. ಒಳ್ಳೆಯ ಕಾಗದವನ್ನೂ ಒಳ್ಳೆಯ ರಟ್ಟನ್ನೂ ನಾನು ಮೂವತ್ತು ವರ್ಷದಿಂದ ಅಂಗೈಯಲ್ಲೇ ತೂಗಿ ಆರಿಸಿದವನು. ಆ ಕೈ ‘ಹೌದು’ ಅಂದಿತು. ನಾನೂ ತಲೆಯಾಡಿಸಿದೆ.

ಮನೆಗೆ ಬಂದು ಅಕ್ಕ ಚೀಲ ಬಿಚ್ಚಿದಳು.

“ಏನೋ ಇದು?”

“ಏಳ್ನೂರು ವ್ಯಾಟಂತೆ ಅಕ್ಕ. ನೀನು ಹೇಳಿದ್ದು ಇರಲಿಲ್ಲ. ದೊಡ್ಡದೇ ಕೊಟ್ಟ.”

ಅವಳು ದೊಡ್ಡ ಅಕ್ಷರ ನೋಡಲೇ ಇಲ್ಲ. ಸಪ್ಲೈಯನ್ನು ಹೊರತೆಗೆದು ಮಗ್ಗುಲಿಗೆ ತಿರುಗಿಸಿ, ಅಂಟಿಸಿದ್ದ ಚೀಟಿಯಲ್ಲಿನ ಇರುವೆಯಂಥ ಅಕ್ಷರಗಳ ಮೇಲೆ ಬೆರಳಿಟ್ಟಳು.

“ಓದು.”

“ಹನ್ನೆರಡು ವೋಲ್ಟು... ಇಪ್ಪತ್ತಾರು ಆಂಪಿಯರ್.”

“ಎರಡನ್ನೂ ಗುಣಿಸು, ವ್ಯಾಟ್ ಎಷ್ಟು ಅಂತ ಬರುತ್ತೆ.”

“ಮುನ್ನೂರ ಹನ್ನೆರಡು.”

“ಏಳ್ನೂರು ಎಲ್ಲಿ ಹೋಯ್ತು? ದಾರೀಲಿ ಚೆಲ್ಲಿಹೋಯ್ತಾ?”

ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನ ಓಲಾಡಿಸಿದಳು. ಒಂದು ಮಗ್ಗುಲಿಗೇ ಎಳೆಯುತ್ತಿತ್ತು. ಟಾರ್ಚ್ ತಂದು ಫ್ಯಾನಿನ ಜಾಲರಿಯ ಸಂದಿಯಿಂದ ಒಳಗೆ ಬೆಳಕು ಬಿಟ್ಟು, ನನ್ನ ತಲೆ ಹಿಡಿದು ಬಗ್ಗಿಸಿದಳು. ಬೆರಳೆಣಿಕೆಯ ನಾಲ್ಕು ಭಾಗ, ಬಡಕಲು ತಂತಿ. ಅಡಿಯಲ್ಲಿ ನನ್ನ ಅಂಗೈಯಷ್ಟಗಲದ ಕಬ್ಬಿಣದ ಬಿಲ್ಲೆ. ಅದಕ್ಕೆ ಒಂದು ತಂತಿಯೂ ತಾಗಿರಲಿಲ್ಲ. ಎರಡು ಸ್ಕ್ರೂ ಹಾಕಿ ಸುಮ್ಮನೆ ಕೂರಿಸಿದ್ದರು.

“ಇದು ಯಾಕೆ ಅಕ್ಕ?”

“ತೂಕಕ್ಕೆ ಕಣೋ! ನಿನ್ನಂಥವರ ಕೈಗೆ!”

ನನ್ನ ಕಿವಿ ಸುಟ್ಟಿತು. ಸುಳ್ಳು ಹೇಳುವುದು ಬೇರೆ. ಸುಳ್ಳನ್ನು ಎರಕ ಹೊಯ್ದು, ಅಳತೆಗೆ ಕತ್ತರಿಸಿ, ಸ್ಕ್ರೂ ಬಿಗಿದು ಒಳಗಿಡುವುದು ಬೇರೆ. ಯಾರೋ ಒಬ್ಬರು ಮೇಜಿನ ಮುಂದೆ ಕೂತು ಇದನ್ನೇ ದಿನವಿಡೀ ಮಾಡಿದ್ದಾರೆ, ಕೊಳ್ಳುವವನ ಕೈ ಏನನ್ನು ನಂಬುತ್ತದೆಂದು ಯೋಚಿಸಿ ಮಾಡಿದ್ದಾರೆ.

ಅಕ್ಕ ಕುರ್ಚಿಗೆ ಒರಗಿದಳು. ನನ್ನನ್ನು ನೋಡದೆ ಹೇಳಿದಳು.

“ಒಂದು ಸಲ ಗಾಡಿಗೆ ಹೊಸ ಬ್ಯಾಟರಿ ಹಾಕಿದ್ರು. ಮೇಲೆ ದೊಡ್ಡ ನಂಬರು. ಅದೂ ಹನ್ನೆರಡು ವೋಲ್ಟೇ. ಸೈರನ್ ಒಂದೇ ಹಾಕಿದ್ರೆ ಸರಿ. ದೀಪ ಹಾಕಿದ್ರೂ ಸರಿ. ಒಳಗೆ ಒಬ್ಬನ ಗಂಟಲಿಂದ ರಕ್ತ ತೆಗೆಯೋ ಪಂಪ್ ಶುರು ಮಾಡಿದ್ರು ನೋಡು, ಎಲ್ಲಾ ಒಟ್ಟಿಗೆ ಎಳೀತು. ಪಂಪ್ ನಿಂತೋಯ್ತು. ಹಿಂದೆ ಇದ್ದ ನರ್ಸು ಬಾಯಿ ಹಾಕಿ ಎಳೆದಳು ಕಣೋ, ಒಂದು ರಬ್ಬರ್ ನಳಿಗೆ ಇಟ್ಕೊಂಡು. ಆವತ್ತೂ ನಾನು ‘ತಲುಪಿದೆ’ ಅಂದೆ. ಹೇಗೆ ತಲುಪಿದೆ ಅಂತ ಯಾರೂ ಕೇಳ್ಲಿಲ್ಲ.”

ಆ ಮನುಷ್ಯ ಉಳಿದನೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

“ಎಲ್ಲಾ ಒಟ್ಟಿಗೆ ಎಳೆದಾಗ ಯಾವುದು ನಿಲ್ಲುತ್ತೋ ಅದು ಸಪ್ಲೈ. ಉಳಿದದ್ದು ಡಬ್ಬ,” ಅಂದಳು. ಆಮೇಲೆ ನನ್ನತ್ತ ತಿರುಗಿದಳು. “ನೀನು ಎಲ್ಲರ ಮಾತೂ ಕೇಳಿಸ್ಕೊಳ್ತೀಯ. ಊರೆಲ್ಲ ಹೊಗಳುತ್ತೆ. ಆದ್ರೆ ನಿನ್ನ ಪಕ್ಕದಲ್ಲೇ ನಿಂತು ನಾನು ಹೇಳಿದ್ದು ನಿನಗೆ ಕೇಳಿಸ್ಲಿಲ್ಲ. ಅವನು ‘ಸರ್’ ಅಂದದ್ದು ಮಾತ್ರ ಕೇಳಿಸ್ತು.”

ನಾನು ಸಪ್ಲೈಯನ್ನೂ ಅದರ ಡಬ್ಬವನ್ನೂ ಮತ್ತೆ ಚೀಲಕ್ಕೆ ಹಾಕಿದೆ.

ಮರುದಿನ ಶನಿವಾರ. ಅಂಗಡಿ ತೆರೆಯುವಾಗಲೇ ಹೋದೆವು. ನಾನು ಮೊದಲು ಮಾಡಿದ ಕೆಲಸ, ಕುರ್ಚಿಯ ಮೇಲಿನ ರಟ್ಟಿನ ಡಬ್ಬಗಳನ್ನು ಎತ್ತಿ ನೆಲಕ್ಕಿಟ್ಟದ್ದು. ಅಕ್ಕ ಕೂತಳು. ಗಲ್ಲಾದ ಮೇಲೆ ಸಪ್ಲೈ ಇಟ್ಟಳು.

“ಮಾರಿದ ಮಾಲು ವಾಪಸ್ಸಿಲ್ಲ ಸರ್,” ಅಂದ ಅವನು, ಬೋರ್ಡಿನತ್ತ ಗಲ್ಲ ಎತ್ತಿ. “ನೀವೇ ತೂಗಿ ನೋಡಿ ತಗೊಂಡಿದೀರಿ.”

“ನನ್ನ ಹತ್ರ ಮಾತಾಡ್ಬೇಡಿ,” ಅಂದೆ. ನನ್ನದೇ ದನಿ ನನಗೆ ಅಪರಿಚಿತವಾಗಿ ಕೇಳಿಸಿತು. “ಕೊಳ್ಳೋರು ಅವರು. ಗೊತ್ತಿರೋದೂ ಅವರಿಗೇ. ಅವರನ್ನ ನೋಡಿ ಮಾತಾಡಿ.”

ಅಷ್ಟು ಹೊತ್ತಿಗೆ ಇಬ್ಬರು ಮೂವರು ಗಿರಾಕಿಗಳು ಬಂದು ನಿಂತಿದ್ದರು. ಅವನು ನಗು ತಂದುಕೊಂಡ.

“ಏನು ತೊಂದರೆ ಅಮ್ಮಾ?”

“ಆ ಗಾಜಿನೊಳಗೆ ಓಡ್ತಾ ಇದೆಯಲ್ಲ, ಅದು ನಿಮ್ಮದೇ ಮಶೀನಾ?” ಅಕ್ಕ ಕೇಳಿದಳು. ಅಂಗಡಿಯ ಮುಂಭಾಗದಲ್ಲಿ, ಬಂದವರು ಬಾಯಿ ಬಿಟ್ಟು ನೋಡಲೆಂದು ಇಟ್ಟ ದೊಡ್ಡ ಕಂಪ್ಯೂಟರದು.

“ಹೌದು. ಡೆಮೋಗೆ ಇಟ್ಟಿರೋದು.”

“ಅದರ ಸಪ್ಲೈ ಬಿಚ್ಚಿ ಇದನ್ನ ಹಾಕಿ. ಒಂದೇ ಒಂದು ಗಂಟೆ ರೇಸ್ ಓಡಿಸಿ. ಆಫ್ ಆಗ್ಲಿಲ್ಲ ಅಂದ್ರೆ ನಾನೇ ಕ್ಷಮೆ ಕೇಳಿ ಎತ್ಕೊಂಡು ಹೋಗ್ತೀನಿ.”

“ಅದು... ಅದಾಗಲ್ಲ.”

“ಯಾಕಾಗಲ್ಲ? ಏಳ್ನೂರಲ್ವಾ? ಯಾವುದಾದ್ರೂ ನಡೆಯುತ್ತೆ ಅಂದ್ರಿ.”

“ಅದು ದುಬಾರಿ ಮಶೀನು ಅಮ್ಮಾ. ಏನಾದ್ರೂ ಹೆಚ್ಚುಕಡಿಮೆ ಆದ್ರೆ?”

“ಏನಾಗುತ್ತೆ? ಹೇಳಿ, ಇವರೂ ಕೇಳ್ಲಿ.”

ಗಿರಾಕಿಗಳಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಹಿಂದಿನ ಮೇಜಿನಲ್ಲಿ ಬೆಸುಗೆ ಹಾಕುತ್ತಿದ್ದ ರಿಪೇರಿಯಾಕೆ, ನರೆತ ಕೂದಲಿನವಳು, ಬಗ್ಗಿಸಿದ ತಲೆ ಎತ್ತದೆ ಹೇಳಿದಳು: “ಆ ಐನೂರೈವತ್ತು ಮೇಲಿನ ಶೆಲ್ಫಲ್ಲಿದೆ. ನಾಲ್ಕಿದೆ.”

ಅವನು ಅವಳನ್ನು ದುರುಗುಟ್ಟಿ ನೋಡಿದ. ಅವಳ ಬೆಸುಗೆಯ ಹೊಗೆ ತನ್ನ ಪಾಡಿಗೆ ಏಳುತ್ತಿತ್ತು. ಅವನೇ ಏಣಿ ಹತ್ತಿ ಡಬ್ಬ ಇಳಿಸಿ ತಂದ.

“ತಗೊಳ್ಳಿ ಸರ್.”

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಚಾಚಿದ ಅವನ ಕೈ ಗಾಳಿಯಲ್ಲೇ ನಿಂತಿತು. ಕೊನೆಗೆ ಗಲ್ಲಾ ಸುತ್ತಿ ಬಂದು, ಕುರ್ಚಿಯ ಎದುರು ಬಗ್ಗಿ, ಅಕ್ಕನ ಕೈಗೇ ಕೊಟ್ಟ. ಅವಳು ಮಗ್ಗುಲು ತಿರುಗಿಸಿ, ಸಣ್ಣಕ್ಷರ ಓದಿ, “ನಲವತ್ತೈದು ಆಂಪಿಯರ್. ಸರಿ,” ಅಂದಳು.

ಅಲ್ಲಿಗೆ ಮುಗಿಯಬೇಕಿತ್ತು. ಬಾಗಿಲಲ್ಲಿ ನಾನು ತಿರುಗಿ ನೋಡಿದಾಗ, ಅವನು ಆ ಸುಳ್ಳು ಸಪ್ಲೈಯನ್ನು ಅದರ ಡಬ್ಬದೊಳಗೆ ಹಾಕಿ, ಟೇಪು ಹಚ್ಚಿ, ಮತ್ತೆ ಮಾರಾಟದ ಸಾಲಿಗೇ ಇಡುತ್ತಿದ್ದ.

“ಅದನ್ನ ಅಲ್ಯಾಕೆ ಇಡ್ತಿದೀರಿ?” ಅಕ್ಕ ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿದ್ದು ಆವತ್ತೇ. ರಸ್ತೆಯಲ್ಲಿ ದಾರಿ ಬಿಡದವರಿಗೆ ಹೀಗೆಯೇ ಕೂಗುತ್ತಿದ್ದಳೇನೋ. ಸೊಂಟ ಹಿಡಿದುಕೊಂಡೇ ವಾಪಸು ಬಂದಳು. ಗಲ್ಲಾದ ಮೇಲಿದ್ದ ದಪ್ಪ ಮಸಿಯ ಪೆನ್ನು ಎತ್ತಿ, ಡಬ್ಬದ ಮೇಲಿನ 700 ಹೊಡೆದುಹಾಕಿ, ಪಕ್ಕದಲ್ಲಿ 312 ಎಂದು ಬರೆದಳು. ಕೆಳಗೆ, ನಿಧಾನವಾಗಿ, ದುಂಡಗೆ: ಒಳಗೆ ಕಬ್ಬಿಣ ಇದೆ.

“ಅಮ್ಮಾ, ಇದೇನು ಅನ್ಯಾಯ!” ಅಂದ ಅವನು.

ಅನ್ಯಾಯವಂತೆ! ಅಕ್ಕ ಪೆನ್ನಿನ ಮುಚ್ಚಳ ಹಾಕಿ, ಅವನ ಮುಂದೆಯೇ ಇಟ್ಟಳು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಬೈಂಡಿನ ಸೂಜಿ ಹಿಡಿದು ಮೂಲೆಯಲ್ಲಿ ಕೂತಿದ್ದೆ. ಒಂದು ಹೊಲಿಗೆಯೂ ಬೀಳಲಿಲ್ಲ. ಕೊನೆಯ ಸುತ್ತುಗಳಲ್ಲಿ ಪರದೆಯ ಮೇಲೆ ಮಳೆ ಶುರುವಾಯಿತು. ನಲವತ್ತು ಕಾರು ನೀರೆರಚುತ್ತ ನುಗ್ಗಿದವು. ಫ್ಯಾನಿನ ದನಿ ಏರಿತು, ಇನ್ನೂ ಏರಿತು, ಆ ಎತ್ತರ ಮುಟ್ಟಿತು. ನಾನು ಉಸಿರು ಹಿಡಿದೆ. ದನಿ ಅಲ್ಲಿಯೇ, ಎಳೆಯದೆ ತಡವರಿಸದೆ, ನಿಂತೇ ಇತ್ತು.

ಅಕ್ಕ ಗೆದ್ದಳೆಂದಲ್ಲ. ಹದಿನೇಳನೆಯವಳಾಗಿ ಗೆರೆ ದಾಟಿದಳು. ಹೆಡ್‌ಫೋನಿನಲ್ಲಿ ನಾಯಕ ಏನೋ ಕೇಳಿದ. ಅದು ನನಗೆ ಕೇಳಿಸಲಿಲ್ಲ; ಆದರೆ ಏನು ಕೇಳಿದನೆಂದು ಗೊತ್ತಾಯಿತು.

“ತಲುಪಿದೆ,” ಅಂದಳು ಅಕ್ಕ.

ಆಮೇಲೆ ಹೆಡ್‌ಫೋನು ತೆಗೆದು, ನನ್ನತ್ತ ನೋಡಿ, “ನಾಳೆ ಆ ಅಂಗಡಿ ಮುಂದೆ ಒಂದು ಸಲ ಹೋಗಿ ಬಾ. ಆ ಡಬ್ಬ ಇನ್ನೂ ಸಾಲಲ್ಲೇ ಇದೆಯಾ ನೋಡು,” ಅಂದಳು.